ಹೊಸದಾಗಿ ಕೊಂಡ ಹಳೆಯ ಜೀಪು

ಚಳ್ಳಕೆರೆಯ ಹೆಸರೆತ್ತಿದರೆ ಸಾಕು, ದೂರದ ಊರಿನವರು “ಎಣ್ಣೆಯ ಊರಲ್ಲವೆ?” ಎನ್ನುತ್ತಾರೆ. ಶೇಂಗಾ ಎಣ್ಣೆಯ ಗಿರಣಿಗಳಿಂದ ಆ ಊರಿಗೆ ಬಂದ ಖ್ಯಾತಿ ಅದು. ಎಣ್ಣೆಯ ಬೆಲೆಯನ್ನು ಬಲ್ಲ ಈ ಸೀಮೆಯ ಜನರಿಗೆ ಬೇರೊಂದು ಬಗೆಯ ಎಣ್ಣೆಯ ವಿಚಾರವಾಗಿ ನಾಲ್ಕು ಮಾತು ಹೇಳುವುದು ನನ್ನ ಉದ್ದೇಶ. ಅದು ಒಗ್ಗರಣೆಯ ಎಣ್ಣೆಯಲ್ಲ. ಯಂತ್ರ ಕುಡಿಯುವ ಎಣ್ಣೆ.

ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳಲ್ಲಿ ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲ ದೊರೆಯುವ ಗಾಡಿಗಳಿಗೆ ಇಂದಿಗೂ ಬೇಡಿಕೆ ಉಂಟು. ಹೆದ್ದಾರಿಯನ್ನು ಬಿಟ್ಟು ನಾಲ್ಕು ಮೈಲಿ ಒಳಗೆ ಹೋದರೆ ಕಾವಲು, ಕಲ್ಲುಗುಡ್ಡ, ಹಳ್ಳದ ಮರಳು ಎದುರಾಗುತ್ತವೆ. ಅವುಗಳ ಆಚೆಗೆ ಹಟ್ಟಿಗಳು. ನಡುರಾತ್ರಿ ಹಟ್ಟಿಯಲ್ಲಿ ಹೆರಿಗೆಯ ನೋವು ಕಾಣಿಸಿಕೊಂಡಾಗಲೋ, ಹಾವು ಕಚ್ಚಿದಾಗಲೋ, ಪಕ್ಕದ ಮನೆಯವರು ಬಂದು ಬಾಗಿಲು ತಟ್ಟುವುದು ಜೀಪು ಇಟ್ಟುಕೊಂಡವನ ಮನೆಯನ್ನೇ. ಹೊಸ ಗಾಡಿಯ ಬೆಲೆ ನಮ್ಮಂಥವರ ಕೈಗೆ ಎಟುಕುವಂತಿಲ್ಲ. ಆದುದರಿಂದ ಹಳೆಯದನ್ನು ಕೊಳ್ಳುತ್ತೇವೆ. ಕೊಂಡ ಗಾಡಿ ಆ ರಾತ್ರಿ ಹೊರಡುತ್ತದೆಯೋ ಇಲ್ಲವೋ ಎಂಬುದು, ಕೊಂಡ ಮೊದಲ ತಿಂಗಳಲ್ಲಿ ನಾವು ಅದಕ್ಕೆ ಏನು ಮಾಡಿದೆವು ಎಂಬುದನ್ನು ಅವಲಂಬಿಸಿರುತ್ತದೆ.

ಜೀಪು ಎಂಬ ಶಬ್ದದ ಮೂಲದ ಬಗೆಗೆ ಪಂಡಿತರಲ್ಲಿ ಒಮ್ಮತವಿಲ್ಲ. ‘ಎಲ್ಲ ಕೆಲಸಕ್ಕೂ ಒದಗುವುದು’ ಎಂಬರ್ಥದ ಇಂಗ್ಲಿಷ್ ಮಾತುಗಳ ಮೊದಲಕ್ಷರಗಳಿಂದ ಬಂದಿತೆಂದು ಕೆಲವರು. 1936ರಲ್ಲಿ ಪಾಪ್‌ಐ ಚಿತ್ರಕಥೆಯೊಳಗೆ ಕಾಣಿಸಿಕೊಂಡ ವಿಚಿತ್ರ ಪ್ರಾಣಿಯ ಹೆಸರೆಂದು ಮತ್ತೆ ಕೆಲವರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವಿಲ್ಲಿಸ್ ಕಂಪನಿ ತಯಾರಿಸಿದ ಆ ಗಾಡಿಯನ್ನು 1947ರಿಂದ ಮುಂಬಯಿಯಲ್ಲಿ ಮಹೀಂದ್ರದವರು ಜೋಡಿಸತೊಡಗಿದರು. 1985ರಲ್ಲಿ ಮಾರುತಿಯವರ ಜಿಪ್ಸಿ ಬಂದಿತು, 2010ರಲ್ಲಿ ಥಾರ್. ಹೆಸರು ಯಾವುದೇ ಇರಲಿ, ನಮ್ಮ ಕಡೆ ಎಲ್ಲವೂ ಜೀಪೇ.

ಮೊದಲು ಕಾಗದಪತ್ರಗಳ ಮಾತು. ಮೋಟಾರು ವಾಹನ ಕಾಯಿದೆಯ ಮೇರೆಗೆ ಕೊಂಡವನು 30 ದಿನದೊಳಗೆ ವರ್ಗಾವಣೆಯನ್ನು ಸಾರಿಗೆ ಕಚೇರಿಗೆ ತಿಳಿಸಬೇಕು. ಮಾರಿದವನ ರುಜುವುಳ್ಳ 29 ಮತ್ತು 30ನೆಯ ನಮೂನೆಗಳನ್ನು ಹಣ ಕೊಡುವ ಹೊತ್ತಿನಲ್ಲಿಯೇ ಪಡೆದುಕೊಳ್ಳಿ. ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಲು 14 ದಿನದೊಳಗೆ ಅರ್ಜಿ ಕೊಡತಕ್ಕದ್ದು. ಗಾಡಿಗೆ 15 ವರ್ಷ ತುಂಬಿದ್ದರೆ ನೋಂದಣಿ ನವೀಕರಣವಾಗಿದೆಯೆ ಎಂದು ನೋಡಿ. ಒಮ್ಮೆ ನವೀಕರಿಸಿದರೆ 5 ವರ್ಷ ನಡೆಯುತ್ತದೆ. ಇಷ್ಟು ಮುಗಿದ ಮೇಲೆ ಗಾಡಿಯ ಮೈ ಮುಟ್ಟಬಹುದು.

ಹಳೆಯ ಜೀಪು ಕೊಂಡವರಲ್ಲಿ ಬಹುಮಂದಿ ಮೊದಲು ಮಾಡುವ ಕೆಲಸ ಅಲಂಕಾರ. ನಾಲ್ಕು ದೀಪ, ದೊಡ್ಡ ಹಾರ್ನು, ಅಗಲವಾದ ಟೈರು, ಮುಂದೊಂದು ಕಬ್ಬಿಣದ ಕಾಪುದಂಡೆ. ಈ ದಂಡೆ ಕಾನೂನಿಗೆ ವಿರುದ್ಧವೆಂದು ಕೇಂದ್ರ ಸಾರಿಗೆ ಸಚಿವಾಲಯವು 2017ರಲ್ಲಿಯೇ ರಾಜ್ಯಗಳಿಗೆ ಬರೆದಿದೆ. ನಾನು ಹೇಳುವುದು ಇಷ್ಟೆ: ಮೊದಲ ಹಣ ಗಾಡಿಯ ಕೆಳಗೆ ಹೋಗಲಿ, ಮೇಲೆ ಬೇಡ.

ಕೆಳಗೆ ಇರುವುದೇನು? ಐದು ಎಣ್ಣೆಗಳು. ಎಂಜಿನ್ನಿನದು ಒಂದು; ಗೇರುಪೆಟ್ಟಿಗೆಯದು ಎರಡನೆಯದು; ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸಿನದು ಮೂರನೆಯದು; ಮುಂದಿನ ಮತ್ತು ಹಿಂದಿನ ಡಿಫರೆನ್ಷಿಯಲ್‌ಗಳದು ಉಳಿದೆರಡು. ಸಾಧಾರಣ ಕಾರಿನ ಅಭ್ಯಾಸವಿದ್ದವರು ಎಂಜಿನ್ ಎಣ್ಣೆಯನ್ನು ಬದಲಿಸಿ ಕೈ ತೊಳೆದುಕೊಳ್ಳುತ್ತಾರೆ. ಉಳಿದ ನಾಲ್ಕು ವರ್ಷಗಟ್ಟಲೆ ಕತ್ತಲೆಯಲ್ಲಿ ಕುಳಿತಿರುತ್ತವೆ. ಹಿಂದಿನ ಯಜಮಾನ ಏನು ಹೇಳಿದರೂ ಸರಿಯೆ, ಐದನ್ನೂ ಒಂದೇ ದಿನ ಇಳಿಸಿ, ಕೈಪಿಡಿಯಲ್ಲಿ ಹೇಳಿದ ಜಾತಿಯದನ್ನೇ ತುಂಬಿಸಿ. ಇಲ್ಲಿ ಒಂದು ಕ್ರಮವಿದೆ. ಮೊದಲು ಎಣ್ಣೆ ತುಂಬುವ ಮೇಲಿನ ಬಿರಡೆಯನ್ನು ಬಿಚ್ಚಿ ನೋಡಿ, ಅದು ಬಂದರೆ ಮಾತ್ರ ಕೆಳಗಿನದನ್ನು ಬಿಚ್ಚತಕ್ಕದ್ದು. ಎಣ್ಣೆಯೆಲ್ಲ ಸುರಿದುಹೋದ ಮೇಲೆ ಮೇಲಿನ ಬಿರಡೆ ತುಕ್ಕು ಹಿಡಿದು ಜಪ್ಪಯ್ಯ ಎಂದರೂ ತಿರುಗದಿದ್ದರೆ ಗಾಡಿ ನಿಂತಲ್ಲಿಯೇ ನಿಲ್ಲುತ್ತದೆ.

ಇಳಿಸಿದ ಎಣ್ಣೆಯನ್ನು ಚೆಲ್ಲುವ ಮೊದಲು ಬಿಳಿಯ ತಟ್ಟೆಯಲ್ಲಿ ಹಿಡಿದು ನೋಡಿ. ಕಪ್ಪಾಗಿದ್ದರೆ ಹಳೆಯದು, ಅಷ್ಟೆ. ಬಿರಡೆಯ ಆಯಸ್ಕಾಂತಕ್ಕೆ ಬೂದು ಬಣ್ಣದ ನುಣ್ಣನೆಯ ಕೆಸರು ಅಂಟಿದ್ದರೆ ಅದೂ ಸಹಜವಾದ ಸವೆತ. ಉಗುರಿನ ಚೂರಿನಂಥ ಉಕ್ಕಿನ ತುಣುಕು ಸಿಕ್ಕಿದರೆ ಹಲ್ಲು ಮುರಿದಿದೆಯೆಂದು ತಿಳಿಯಬೇಕು. ಈಚೆಗೆ ನಾನು ಕೊಂಡ ಗಾಡಿಯ ಮುಂದಿನ ಡಿಫರೆನ್ಷಿಯಲ್‌ನಿಂದ ಹಾಲು ಬೆರೆಸಿದ ಕಾಫಿಯ ಬಣ್ಣದ ಎಣ್ಣೆ ಇಳಿಯಿತು. ನೀರು ಸೇರಿದೆಯೆಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಕಿಲ್ಲ. ಮಾರಿದವರು “ಈ ಗಾಡಿ ನೀರಿಗೆ ಇಳಿದದ್ದೇ ಇಲ್ಲ” ಎಂದಿದ್ದರು. ಎಣ್ಣೆ ಬೇರೆ ಮಾತು ಹೇಳಿತು. ಎರಡು ಸಲ ಎಣ್ಣೆ ಬದಲಿಸಿ, ಸೀಲುಗಳನ್ನು ಹೊಸದಾಗಿ ಹಾಕಿಸಿದ ಮೇಲೆ ಬಣ್ಣ ತಿಳಿಯಾಯಿತು.

ನೀರು ಒಳಗೆ ಹೋಗುವ ಬಗೆಯನ್ನೂ ತಿಳಿದಿರುವುದು ಒಳ್ಳೆಯದು. ಡಿಫರೆನ್ಷಿಯಲ್‌ನ ಮೇಲೆ ಉಸಿರಾಡುವ ಒಂದು ಸಣ್ಣ ಕೊಳವೆಯುಂಟು. ಓಡಿ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗಿ ಅದರ ಮೂಲಕ ಹೊರಬರುತ್ತದೆ. ನಮ್ಮ ಧೂಳಿನಿಂದ ಆ ಕೊಳವೆ ಮುಚ್ಚಿದರೆ ಗಾಳಿಯ ಒತ್ತಡ ಸೀಲುಗಳನ್ನು ದಾಟಿ ಎಣ್ಣೆಯನ್ನು ಹೊರಕ್ಕೆ ನೂಕುತ್ತದೆ. ಬಿಸಿಯಾದ ಡಿಫರೆನ್ಷಿಯಲ್ ಹಠಾತ್ತಾಗಿ ಹಳ್ಳದ ನೀರಿಗಿಳಿದು ತಣ್ಣಗಾದರೆ, ಒಳಗಿನ ಗಾಳಿ ಕುಗ್ಗಿ ಹೊರಗಿನ ನೀರನ್ನು ಅದೇ ಸೀಲುಗಳ ಮೂಲಕ ಹೀರುತ್ತದೆ. ಬರದ ಸೀಮೆಯಲ್ಲಿ ನೀರೆಲ್ಲಿಯದು ಎನ್ನಬೇಡಿ. 1933ರಲ್ಲಿ ಕೋಡಿ ಬಿದ್ದಿದ್ದ ಮಾರಿಕಣಿವೆಯ ವಾಣಿವಿಲಾಸ ಸಾಗರ 2022ರಲ್ಲಿ ಮತ್ತೆ ತುಂಬಿ ಹರಿದಾಗ ವೇದಾವತಿಯ ದಂಡೆಯವರು ನೀರನ್ನು ಕಣ್ಣಾರೆ ಕಂಡಿದ್ದಾರೆ. ಆ ಉಸಿರುಕೊಳವೆಯನ್ನು ತಿಂಗಳಿಗೊಮ್ಮೆ ಒರೆಸುವುದಕ್ಕೆ ಎರಡು ನಿಮಿಷ ಸಾಕು.

ಆದರೂ ನಮ್ಮಲ್ಲಿ ನಿತ್ಯಶತ್ರು ನೀರಲ್ಲ, ಧೂಳು. ಗಾಳಿಯೊಡನೆ ಎಂಜಿನ್ನಿಗೆ ಹೋದ ಮರಳಿನ ಕಣ ಸಾಣೆಯ ಪುಡಿಯಂತೆ ಸಿಲಿಂಡರಿನ ಗೋಡೆಯನ್ನೂ ಪಿಸ್ಟನ್ ಬಳೆಗಳನ್ನೂ ತೇಯುತ್ತದೆ. ಹಳೆಯ ಜೀಪುಗಳಲ್ಲಿ ಗಾಳಿಯನ್ನು ಎಣ್ಣೆಯ ಬಟ್ಟಲಿನ ಮೇಲೆ ಹಾಯಿಸಿ ಶೋಧಿಸುವ ಏರ್ಪಾಡಿದೆ. ಬಟ್ಟಲಿನ ತಳದಲ್ಲಿ ಕೆಸರು ಕಟ್ಟಿದರೆ ತೊಳೆದು ಹೊಸ ಎಣ್ಣೆ ಹಾಕಬೇಕು. ಈಚಿನವುಗಳಲ್ಲಿ ಕಾಗದದ ಫಿಲ್ಟರು. ಅದನ್ನು ನೀರಿನಲ್ಲಿ ತೊಳೆಯಬಾರದು, ಮೆಲ್ಲಗೆ ತಟ್ಟಿ, ಒಳಗಿನಿಂದ ಹೊರಕ್ಕೆ ಹಗುರವಾಗಿ ಗಾಳಿ ಊದಬಹುದು, ಸವೆದರೆ ಬದಲಿಸಬೇಕು. ಫಿಲ್ಟರಿಗೂ ಎಂಜಿನ್ನಿಗೂ ನಡುವಣ ರಬ್ಬರು ಕೊಳವೆ ಸೀಳಿದ್ದರೆ ಫಿಲ್ಟರು ಇದ್ದೂ ಇಲ್ಲದಂತೆಯೇ.

ಎರಡನೆಯ ಶತ್ರು ಬಿಸಿಲು. ಬೇಸಗೆಯಲ್ಲಿ ರೇಡಿಯೇಟರಿಗೆ ಕೊಳವೆಬಾವಿಯ ನೀರನ್ನು ಸುರಿಯುವ ರೂಢಿ ನಮ್ಮಲ್ಲಿದೆ. ಆ ನೀರಿನ ಗಡಸುತನ ಎಷ್ಟೆಂಬುದನ್ನು ಮನೆಯ ಹಂಡೆಯ ತಳದಲ್ಲಿ ಕಟ್ಟಿದ ಬಿಳಿಯ ಹೆಕ್ಕಳೆಯೇ ಹೇಳುತ್ತದೆ. ಅದೇ ಹೆಕ್ಕಳೆ ರೇಡಿಯೇಟರಿನ ನಾಳಗಳಲ್ಲಿಯೂ ಕಟ್ಟುತ್ತದೆ. ಬಟ್ಟಿ ಇಳಿಸಿದ ನೀರಿಗೆ ಕೂಲೆಂಟನ್ನು ಕೈಪಿಡಿಯ ಪ್ರಮಾಣದಲ್ಲಿ ಬೆರೆಸಿ ಹಾಕಿ. ಬಿಸಿಯಾಗಿರುವಾಗ ಮುಚ್ಚಳವನ್ನು ತೆಗೆಯಲೇಬೇಡಿ, ಮುಖ ಸುಟ್ಟುಕೊಂಡವರಿದ್ದಾರೆ. ಕಾವಲಿನ ಒಣಹುಲ್ಲಿನಲ್ಲಿ ಓಡಾಡಿದ ದಿನ ಮನೆಗೆ ಬಂದ ಕೂಡಲೆ ರೇಡಿಯೇಟರಿನ ಎಡೆಗಳಲ್ಲಿ ಸಿಕ್ಕಿದ ಹುಲ್ಲುಬೀಜವನ್ನೂ ಸೈಲೆನ್ಸರಿನ ಸುತ್ತ ತುರುಕಿಕೊಂಡ ಹುಲ್ಲನ್ನೂ ತೆಗೆಯಿರಿ. ಮೊದಲನೆಯದರಿಂದ ಎಂಜಿನ್ ಕುದಿಯುತ್ತದೆ. ಎರಡನೆಯದರಿಂದ ಗಾಡಿಗೆ ಬೆಂಕಿ ತಗಲಬಹುದು. ಶೇಂಗಾ ಮೂಟೆಗಳಿರುವ ಕೊಟ್ಟಿಗೆಯಲ್ಲಿ ಗಾಡಿ ನಿಲ್ಲಿಸುವವರು ಇಲಿಗಳ ಮೇಲೆಯೂ ಕಣ್ಣಿಡಬೇಕು. ಕಾಯಿ ತಿಂದ ಇಲಿ ತಂತಿಯನ್ನು ಬಿಡುವುದಿಲ್ಲ.

ಗಾಡಿ ಬಂದ ಸೀಮೆಯನ್ನು ವಿಚಾರಿಸಿ ಪರೀಕ್ಷೆಯನ್ನು ಆರಂಭಿಸುವುದು ಜಾಣತನ. ಕರಾವಳಿಯಿಂದಲೋ ಮಲೆನಾಡಿನಿಂದಲೋ ಬಂದಿದ್ದರೆ ಅಡಿಕಟ್ಟಿನ ಉಕ್ಕನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ತುಕ್ಕನ್ನು ಹುಡುಕಿ. ನಮ್ಮ ಕಡೆಯದೇ ಆಗಿದ್ದರೆ ಕಬ್ಬಿಣ ಗಟ್ಟಿಯಾಗಿರುವುದು ಹೆಚ್ಚು. ಆದರೆ ಬಿಸಿಲಿಗೆ ರಬ್ಬರು ಬಿರಿದಿರುತ್ತದೆ. ಬೆಲ್ಟು, ಕೊಳವೆ, ಬುಷ್ಷು, ಬ್ರೇಕಿನ ಹೋಸುಗಳನ್ನು ಬೆರಳಿನಿಂದ ಬಾಗಿಸಿ ನೋಡಬೇಕು. ಬ್ರೇಕಿನ ದ್ರವ ಗಾಳಿಯಲ್ಲಿನ ತೇವವನ್ನು ಹೀರುವ ಸ್ವಭಾವದ್ದು. ಯಾವಾಗ ಹಾಕಿದ್ದೆಂದು ತಿಳಿಯದಿದ್ದರೆ ಈಗಲೇ ಬದಲಿಸಿ, ಮುಂದೆ ಎರಡು ವರ್ಷಕ್ಕೊಮ್ಮೆ ಬದಲಿಸುತ್ತ ಬನ್ನಿ.

ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿಗಳ ಗುರುತಿದೆ. 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದೆಂದು ಅರ್ಥ. ಮೇಲ್ಮೈ ಎಷ್ಟು ಚೆನ್ನಾಗಿದ್ದರೂ ಮುದಿ ಟೈರನ್ನು ನಂಬಬಾರದು. ಬಳ್ಳಾರಿ ಜಾಲಿಯ ಮುಳ್ಳು ನಮ್ಮ ದಾರಿಗಳಲ್ಲಿ ಎಲ್ಲೆಲ್ಲೂ ಇರುವುದರಿಂದ ಐದನೆಯ ಚಕ್ರವೂ ನಾಲ್ಕರಷ್ಟೇ ಮುಖ್ಯ. ಐದೂ ಒಂದೇ ಅಳತೆಯವಾಗಿರಬೇಕು, ಸವೆತವೂ ಹೆಚ್ಚುಕಡಮೆ ಒಂದೇ ಆಗಿರಬೇಕು. ಕಾರಣವನ್ನು ಮುಂದೆ ಹೇಳುತ್ತೇನೆ.

ಗೇರಿನ ಪಕ್ಕದಲ್ಲಿ ಇನ್ನೊಂದು ಸಣ್ಣ ಹಿಡಿಯಿದೆ. ಜೀಪಿನ ಹೆಚ್ಚುಗಾರಿಕೆಯೆಲ್ಲ ಅದರಲ್ಲಿದೆ, ಕೆಡುಕೂ ಅದರಿಂದಲೇ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಉರುಳುತ್ತವೆ. ಆದರೆ ಆ ಹಿಡಿಯನ್ನು ಹಾಕಿದಾಗ ಇಂಥ ಗಾಡಿಗಳಲ್ಲಿ ಮುಂದಿನ ಹಿಂದಿನ ಶಾಫ್ಟುಗಳು ಬಿಗಿಯಾಗಿ ಜೋಡಿಸಲ್ಪಟ್ಟು ಸಮನಾಗಿ ತಿರುಗಲೇಬೇಕಾಗುತ್ತದೆ. ಮರಳಿನಲ್ಲಿ, ಕೆಸರಿನಲ್ಲಿ ಚಕ್ರ ಸ್ವಲ್ಪ ಜಾರಿ ಆ ವ್ಯತ್ಯಾಸವನ್ನು ನೀಗಿಸಿಕೊಳ್ಳುತ್ತದೆ. ಒಣಗಿದ ಡಾಂಬರಿನ ಮೇಲೆ ಜಾರುವಂತಿಲ್ಲ. ಒತ್ತಡವೆಲ್ಲ ಹಲ್ಲುಗಳ ಮೇಲೆ ಬೀಳುತ್ತದೆ. ಟೈರುಗಳ ಅಳತೆ ಬೇರೆಬೇರೆಯಾದರೆ ನೇರದಾರಿಯಲ್ಲಿಯೂ ಇದೇ ಗತಿ. ಆದುದರಿಂದ ಹೆದ್ದಾರಿಯಲ್ಲಿ ಎರಡು ಚಕ್ರದ ಬಲವೇ ಸಾಕು. ಹಿಡಿ ಬಿಡಿಸಿಕೊಳ್ಳದೆ ಬಿಗಿದರೆ ಬಲವಂತ ಮಾಡದೆ, ಗಾಡಿಯನ್ನು ನೇರವಾಗಿ ಕೆಲವು ಗಜ ಹಿಂದಕ್ಕೆ ನಡೆಸಿ. ಗಂಟು ತಾನಾಗಿ ಸಡಿಲುತ್ತದೆ.

ಇದನ್ನು ಕೇಳಿ ಆ ಹಿಡಿಯನ್ನು ಮುಟ್ಟದೆಯೇ ಇರುವವರೂ ಉಂಟು. ಅದೂ ಸಲ್ಲದು. ವರ್ಷಗಟ್ಟಲೆ ತಿರುಗದ ಭಾಗಗಳಿಗೆ ಎಣ್ಣೆ ತಲುಪದೆ ತುಕ್ಕು ಹಿಡಿಯುತ್ತದೆ. ತಿಂಗಳಿಗೊಮ್ಮೆ ಸಡಿಲವಾದ ಮಣ್ಣಿನಲ್ಲಿ, ಪರಶುರಾಮಪುರದ ಕಡೆಯ ಮರಳಿನಲ್ಲಿಯೋ ಹೊಲದ ಅಂಚಿನಲ್ಲಿಯೋ, ಹಿಡಿಯನ್ನು ಹಾಕಿ ಸ್ವಲ್ಪ ದೂರ ನಡೆಸಿ. ತಗ್ಗಿನ ಗೇರಿಗೆ ಹಾಕುವಾಗ ಗಾಡಿ ನಿಂತಿರಲಿ. ಮರಳಿಗಾಗಿ ಟೈರಿನ ಗಾಳಿ ಇಳಿಸಿದ್ದರೆ ರಸ್ತೆಗೆ ಬಂದೊಡನೆ ಮತ್ತೆ ತುಂಬಿಸತಕ್ಕದ್ದು.

ಕೊನೆಯದಾಗಿ, ಒಂದು ನೋಟುಪುಸ್ತಕ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕ ಚಕ್ರವರ್ತಿಯ ಬಂಡೆಶಾಸನಗಳಿವೆ, ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದವು. 2,200 ವರ್ಷಕ್ಕೂ ಹಿಂದೆ ಅವನ್ನು ಬರೆದ ಲಿಪಿಕಾರ ಚಪಡ ಕೊನೆಯಲ್ಲಿ ತನ್ನ ಹೆಸರನ್ನು ಹಾಕಿದ್ದಾನೆ. ಅದರಿಂದಲೇ ಯಾರ ಕೈಕೆಲಸವೆಂದು ಇಂದು ನಮಗೆ ತಿಳಿಯುತ್ತದೆ. ಜೀಪಿಗೂ ಅಷ್ಟು ಮರ್ಯಾದೆ ಸಲ್ಲಲಿ. ಯಾವ ದಿನ, ಎಷ್ಟು ಕಿಲೋಮೀಟರಿಗೆ, ಯಾವ ಎಣ್ಣೆ, ಯಾವ ಬಿಡಿಭಾಗ, ಯಾರ ಕೈಯಿಂದ ಎಂಬುದನ್ನು ಬರೆದಿಡಿ. ಮೆಕ್ಯಾನಿಕ್ಕಿನಿಂದಲೂ ರುಜು ಹಾಕಿಸಿ. ರುಜು ಹಾಕುವ ಕೈ ನಟ್ಟನ್ನು ತುಸು ಎಚ್ಚರದಿಂದ ಬಿಗಿಯುತ್ತದೆ. ಮುಂದೆ ನೀವು ಗಾಡಿಯನ್ನು ಮಾರುವ ದಿನ, ಕೊಳ್ಳುವವನು ನಿಮ್ಮ ಮಾತನ್ನು ನಂಬಬೇಕಾದ ಅಗತ್ಯವಿರುವುದಿಲ್ಲ, ಪುಸ್ತಕವನ್ನು ಓದಿಕೊಳ್ಳುತ್ತಾನೆ.

‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ನಾಯಕನಹಟ್ಟಿಯ ಮಾತು ಈ ಸೀಮೆಯ ಮಕ್ಕಳಿಗೂ ಗೊತ್ತು. ಹಳೆಯ ಗಾಡಿಯ ವಿಷಯದಲ್ಲಿ ಅದು ಅಕ್ಷರಶಃ ನಿಜ. ಈ ಭಾನುವಾರ ಒಂದು ಚಾಪೆಯನ್ನು ಹಾಸಿ ಗಾಡಿಯ ಕೆಳಗೆ ತೂರಿಕೊಳ್ಳಿ. ಐದು ಬಿರಡೆಗಳು ಎಲ್ಲಿವೆಯೆಂದು ಕೈಯಿಂದ ಮುಟ್ಟಿ ಗುರುತಿಸಿಕೊಳ್ಳಿ. ಉಳಿದುದನ್ನು ಅಲ್ಲಿಂದ ಆರಂಭಿಸಬಹುದು.