ಹಿಂದಕ್ಕೆ ಕರೆಸಿಕೊಂಡ ಬ್ಯಾಟರಿಗಳು

(ಮಲೆನಾಡಿನ ಗ್ರಾಮಸ್ಥರು ಹಾಗೂ ಕಾಲೇಜು ವಿದ್ಯಾರ್ಥಿಗಳ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಸರಿಯಾಗಿ ಒಣಗದ ಹುಲ್ಲನ್ನು ಬಣವೆ ಹಾಕಿದರೆ ಏನಾಗುತ್ತದೆ ಎಂಬುದನ್ನು ಮಲೆನಾಡಿನ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೊರಗಿನಿಂದ ತಣ್ಣಗೆ ಕಾಣುವ ಬಣವೆಯ ಒಡಲಲ್ಲಿ ಶಾಖ ಹುಟ್ಟುತ್ತದೆ. ಹೊರಹೋಗಲು ದಾರಿಯಿಲ್ಲದ ಆ ಶಾಖವೇ ಮತ್ತಷ್ಟು ಶಾಖವನ್ನು ಹುಟ್ಟಿಸುತ್ತದೆ. ಕಡೆಗೊಂದು ದಿನ ಕಿಡಿ ಸೋಕಿಸದೆಯೇ ಬಣವೆ ಹೊತ್ತಿಕೊಳ್ಳುತ್ತದೆ. ಲ್ಯಾಪ್‌ಟಾಪ್ ಗಣಕದ ಬ್ಯಾಟರಿ ಉರಿಯುವ ಬಗೆಯೂ ತತ್ತ್ವದಲ್ಲಿ ಇದಕ್ಕಿಂತ ಬಹಳ ಭಿನ್ನವಲ್ಲ. ವ್ಯತ್ಯಾಸವಿರುವುದು ಕಾಲದಲ್ಲಿ: ಬಣವೆಗೆ ವಾರಗಳು ಬೇಕು, ಬ್ಯಾಟರಿಗೆ ಕ್ಷಣಗಳು ಸಾಕು.

2006ರ ಜೂನ್ ತಿಂಗಳಿನಲ್ಲಿ ಜಪಾನಿನ ಒಸಾಕಾ ನಗರದ ಸಮ್ಮೇಳನವೊಂದರಲ್ಲಿ ಮೇಜಿನ ಮೇಲಿದ್ದ ಡೆಲ್ ಲ್ಯಾಪ್‌ಟಾಪ್ ಒಂದು ಹಠಾತ್ತನೆ ಹೊತ್ತಿ ಉರಿಯಿತು. ಆ ಚಿತ್ರಗಳು ಜಗತ್ತಿನಾದ್ಯಂತ ಹರಡಿದವು. ಅದೇ ವರ್ಷದ ಆಗಸ್ಟ್ ಮಧ್ಯದಲ್ಲಿ ಡೆಲ್ ಸಂಸ್ಥೆ 41 ಲಕ್ಷ ಬ್ಯಾಟರಿಗಳನ್ನು ಹಿಂದಕ್ಕೆ ಕರೆಸಿಕೊಳ್ಳುವುದಾಗಿ ಪ್ರಕಟಿಸಿತು. ಹತ್ತು ದಿನ ಕಳೆಯುವಷ್ಟರಲ್ಲಿ ಆ್ಯಪಲ್ 18 ಲಕ್ಷ ಬ್ಯಾಟರಿಗಳಿಗೆ ಇದೇ ಮಾತು ಹೇಳಿತು. ಸೆಪ್ಟೆಂಬರ್ ಅಂತ್ಯಕ್ಕೆ ಲೆನೊವೊ 5 ಲಕ್ಷ 26 ಸಾವಿರ ಬ್ಯಾಟರಿಗಳ ಸರದಿ; ಅದರ ಹಿಂದೆಯೇ ತೋಶಿಬಾ, ಫುಜಿತ್ಸು. ಹೊರಗಿನ ಹೆಸರು ಯಾವುದೇ ಇರಲಿ, ಒಳಗಿನ ಕೋಶಗಳನ್ನು ತಯಾರಿಸಿದ್ದು ಮಾತ್ರ ಸೋನಿ ಒಂದೇ. ಒಟ್ಟು ಸಂಖ್ಯೆ ಸುಮಾರು 96 ಲಕ್ಷಕ್ಕೆ ಏರಿತು. ಅಕ್ಟೋಬರ್ ತಿಂಗಳಿನಲ್ಲಿ ಸೋನಿಯ ಹಿರಿಯ ಅಧಿಕಾರಿಗಳು ಟೋಕಿಯೋದಲ್ಲಿ ಪತ್ರಕರ್ತರ ಮುಂದೆ ತಲೆಬಾಗಿ ಕ್ಷಮೆ ಯಾಚಿಸಿದರು.

ಇಷ್ಟಕ್ಕೆಲ್ಲ ಕಾರಣವಾದ ದೋಷ ಕಣ್ಣಿಗೆ ಕಾಣುವಂಥದ್ದಲ್ಲ. ಆ ಕಾಲದ ಲ್ಯಾಪ್‌ಟಾಪ್ ಬ್ಯಾಟರಿಯೊಳಗೆ ಸಾಮಾನ್ಯವಾಗಿ ಆರೋ ಒಂಬತ್ತೋ ಉರುಟು ಕೋಶಗಳಿರುತ್ತಿದ್ದವು. ಪ್ರತಿಯೊಂದೂ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಹೆಚ್ಚುಕಡಿಮೆ ಕೈಬೆರಳಿನ ಗಾತ್ರ. ಅದರೊಳಗೆ ಧನಾಗ್ರದ ಹಾಳೆ, ಋಣಾಗ್ರದ ಹಾಳೆ, ನಡುವೆ ಇವೆರಡೂ ಒಂದನ್ನೊಂದು ಮುಟ್ಟದಂತೆ ತಡೆಯುವ ಪ್ಲಾಸ್ಟಿಕ್ ಪೊರೆ, ಇವನ್ನು ಚಾಪೆ ಸುತ್ತಿದಂತೆ ಸುತ್ತಿ ಡಬ್ಬಿಗೆ ತುಂಬಿ, ಸುಲಭವಾಗಿ ಹೊತ್ತಿಕೊಳ್ಳುವ ಸಾವಯವ ದ್ರಾವಣವೊಂದನ್ನು ಉಣಿಸಿರುತ್ತಾರೆ. ಪೊರೆಯ ದಪ್ಪ ಒಂದು ಮಿಲಿಮೀಟರಿನ ನಲವತ್ತನೆಯ ಒಂದು ಭಾಗದಷ್ಟು ಮಾತ್ರ. ತಯಾರಿಕೆಯ ಹಂತದಲ್ಲಿ ಲೋಹದ ಸೂಕ್ಷ್ಮ ಕಣಗಳು ಒಳಸೇರಿದ್ದವು. ಅಂಥ ಕಣ ಪೊರೆಯನ್ನು ಭೇದಿಸಿದರೆ ಎರಡು ಹಾಳೆಗಳ ನಡುವೆ ನೇರ ಸಂಪರ್ಕ ಏರ್ಪಟ್ಟು ಶಾಖ ಏಳುತ್ತದೆ. ಸುಮಾರು 130 ಡಿಗ್ರಿ ಸೆಲ್ಸಿಯಸ್‌ಗೆ ಪೊರೆಯೇ ಕರಗತೊಡಗುತ್ತದೆ. ಶಾಖ ಇನ್ನೂ ಏರಿದಾಗ ಧನಾಗ್ರದ ಲಿಥಿಯಂ ಕೋಬಾಲ್ಟ್ ಆಕ್ಸೈಡ್ ತನ್ನೊಳಗಿನ ಆಮ್ಲಜನಕವನ್ನೇ ಬಿಟ್ಟುಕೊಡುತ್ತದೆ. ಉರಿಯಲು ಬೇಕಾದ ವಸ್ತು, ಶಾಖ, ಆಮ್ಲಜನಕ ಮೂರೂ ಒಂದೇ ಡಬ್ಬಿಯಲ್ಲಿ! ಗೋಣಿಚೀಲ ಮುಚ್ಚಿ ಗಾಳಿ ತಡೆದರೆ ಈ ಬೆಂಕಿ ಆರದಿರುವುದಕ್ಕೆ ಇದೇ ಕಾರಣ. ಪ್ಲಗ್ ಕಿತ್ತ ಮೇಲೆ ಧಾರಾಳವಾಗಿ ನೀರು ಸುರಿದು ತಣಿಸುವುದೇ ದಾರಿ.

ಹೀಗೆ ಉರಿದವು ಎಷ್ಟು? ಡೆಲ್ ಪ್ರಕಟಣೆಯ ವೇಳೆಗೆ ಅಮೆರಿಕದಲ್ಲಿ ದಾಖಲಾಗಿದ್ದ ಪ್ರಕರಣಗಳು ಆರು, ಆ್ಯಪಲ್‌ನವು ಒಂಬತ್ತು. ಲಕ್ಷಗಳ ಮುಂದೆ ಈ ಅಂಕಿ ನಗೆ ತರಿಸಬಹುದು. ಆದರೆ ಯಾವ ಡಬ್ಬಿಯಲ್ಲಿ ಕಣ ಕುಳಿತಿದೆ ಎಂದು ಹೊರಗಿನಿಂದ ಹೇಳಲು ಬರುವುದಿಲ್ಲವಾದ್ದರಿಂದ ಇಡೀ ತಂಡವನ್ನೇ ವಾಪಸು ಪಡೆಯುವುದಲ್ಲದೆ ಅನ್ಯಮಾರ್ಗವಿರಲಿಲ್ಲ. ಅಂದು ಆ ಸಂಸ್ಥೆಗಳು ನಡೆದುಕೊಂಡದ್ದು ಸರಿಯೆಂದೇ ಹೇಳಬೇಕು.

ಬಳಕೆದಾರನಿಗೆ ಅಂದು ಕೊಟ್ಟ ಸೂಚನೆ ಸರಳವಾಗಿತ್ತು. ಯಂತ್ರವನ್ನು ಆರಿಸಿ, ಬ್ಯಾಟರಿ ಕಳಚಿ, ಅದರ ಮೇಲಿನ ಸಂಖ್ಯೆಯನ್ನು ಪಟ್ಟಿಯೊಡನೆ ತಾಳೆನೋಡಬೇಕು. ಸೇರಿದ್ದರೆ ಬೇರೆಯದನ್ನು ಉಚಿತವಾಗಿ ಪಡೆಯಬೇಕು. ಅದು ಬರುವವರೆಗೆ ನೇರ ವಿದ್ಯುತ್ತಿನಿಂದ ಯಂತ್ರ ನಡೆಸಬೇಕು. ಹಗಲುರಾತ್ರಿ ಎಡೆಬಿಡದೆ ವಿದ್ಯುತ್ ಹರಿಯುವ ನಾಡಿಗೆ ಬರೆದ ಸೂಚನೆ ಇದು. ಆಷಾಢದ ಗಾಳಿಗೆ ಮರ ಬಿದ್ದು ತಂತಿ ಹರಿದರೆ ಮೂರು ದಿನ ಕತ್ತಲೆಯಲ್ಲಿ ಕೂರುವ ಹಳ್ಳಿಯ ವಿದ್ಯಾರ್ಥಿಗೆ ಬ್ಯಾಟರಿ ಇಲ್ಲದ ಲ್ಯಾಪ್‌ಟಾಪ್ ಎಂದರೆ ಬರಿಯ ಹಲಗೆ. ದೋಷವುಳ್ಳದ್ದೆಂದು ತಿಳಿದೂ ಅದನ್ನೇ ಬಳಸುವ ಮೋಹ ಇಲ್ಲಿ ಹುಟ್ಟುವುದು ಸಹಜ.

ಮಲೆನಾಡಿನ ಮನೆಮನೆಗೆ ಈ ವಿಷಯ ನಿಜವಾಗಿ ತಲುಪಿದ್ದು ಮರುವರ್ಷ, ಮೊಬೈಲ್ ಫೋನಿನ ಮೂಲಕ. 2007ರ ಆಗಸ್ಟ್ 14ರಂದು ನೋಕಿಯಾ ತನ್ನ ಬಿಎಲ್-5ಸಿ ಬ್ಯಾಟರಿಗಳ ಪೈಕಿ 4 ಕೋಟಿ 60 ಲಕ್ಷದ ಬಗ್ಗೆ ಎಚ್ಚರಿಕೆ ನೀಡಿತು. 2005ರ ಡಿಸೆಂಬರ್‌ನಿಂದ 2006ರ ನವೆಂಬರ್‌ವರೆಗೆ ಮತ್ಸುಶಿತಾ ಕಂಪನಿ ತಯಾರಿಸಿದವು ಅವು. ಟಾರ್ಚ್ ಇದ್ದ ಆ 1100 ಮಾದರಿಯ ಫೋನು ನೆನಪಿರಬೇಕಲ್ಲ, ತೋಟದ ದಾರಿಯಲ್ಲಿ ರಾತ್ರಿ ಹಾವಿನ ಹೆದರಿಕೆ ಕಳೆದ ಫೋನು? ಅದರಲ್ಲಿದ್ದುದೂ ಇದೇ ಜಾತಿಯ ಬ್ಯಾಟರಿ. ಹಿಂಬದಿಯಲ್ಲಿ 26 ಅಕ್ಷರ ಅಂಕಿಗಳ ಗುರುತು ಇದ್ದರೆ ಮಾತ್ರ ಮುಂದಿನ ಪರಿಶೀಲನೆ, ಇಲ್ಲವಾದರೆ ಚಿಂತೆಯಿಲ್ಲ. ಜಗತ್ತಿನಲ್ಲಿ ವರದಿಯಾಗಿದ್ದದ್ದು ಸುಮಾರು ನೂರು ಪ್ರಕರಣ, ಯಾರಿಗೂ ಗಂಭೀರ ಗಾಯವಾಗಿರಲಿಲ್ಲ. ಆದರೂ ಭಾರತದಲ್ಲಿ ಹಬ್ಬಿದ ಭಯ ಬೆಂಕಿಗಿಂತ ವೇಗವಾದುದು. ಸರಿಯಾದ ಮಾಹಿತಿ ಇಂಗ್ಲಿಷಿನಲ್ಲಿ ನಡೆದುಬರುವಷ್ಟರಲ್ಲಿ ಗಾಳಿಮಾತು ಊರೂರು ಸುತ್ತಿತ್ತು.

ಗುರುತಿನ ಸಂಖ್ಯೆಯ ಮಾತು ಇಲ್ಲಿ ಸ್ವಲ್ಪ ಬೆಳೆಸಬೇಕಾಗಿದೆ. ಬಿತ್ತನೆ ಬೀಜದ ಚೀಲಕ್ಕೆ ಹೊಲಿದ ಚೀಟಿಯಲ್ಲಿ ತಂಡದ ಸಂಖ್ಯೆ ಇರುತ್ತದೆ. ಮೊಳಕೆ ಬರಲಿಲ್ಲವೆಂದು ದೂರು ಕೊಡಲು ಹೋದಾಗ ಅಧಿಕಾರಿ ಮೊದಲು ಕೇಳುವುದು ಆ ಚೀಟಿಯನ್ನೇ. ರೈತ ಅದನ್ನು ಚೀಲ ಬಿಚ್ಚಿದ ದಿನವೇ ಗದ್ದೆಯ ಬದುವಿನಲ್ಲಿ ಎಸೆದಿರುತ್ತಾನೆ. ಬ್ಯಾಟರಿಯ ಕಥೆಯೂ ಅದೇ. ಹಿಂದಕ್ಕೆ ಕರೆಸಿಕೊಳ್ಳುವ ಏರ್ಪಾಡೆಲ್ಲ ನಿಂತಿರುವುದು ಸಂಖ್ಯೆಯ ಮೇಲೆ. ಪೇಟೆಯ ಅಂಗಡಿಯಲ್ಲಿ ಅರ್ಧ ಬೆಲೆಗೆ ಸಿಗುವ, ತಯಾರಕನ ಹೆಸರೇ ಇಲ್ಲದ ಬದಲಿ ಬ್ಯಾಟರಿಯನ್ನು ಯಾರೂ ಹಿಂದಕ್ಕೆ ಕರೆಯಲಾರರು. ಅದರ ದೋಷ ಕೊಂಡವನ ಮನೆಯಲ್ಲಿಯೇ ಉಳಿಯುತ್ತದೆ. ಭಾರತದಲ್ಲಿ ಮಾರುವ ಇಂಥ ಬ್ಯಾಟರಿಯ ಮೇಲೆ ಐಎಸ್ 16046 ಎಂಬ ಮಾನಕದ ಗುರುತೂ ಆರ್ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆಯೂ ಇರತಕ್ಕದ್ದು. ಕೊಳ್ಳುವ ಮೊದಲು ಅದನ್ನು ನೋಡುವುದಕ್ಕೆ ಪದವಿ ಬೇಕಿಲ್ಲ, ಕನ್ನಡಕ ಸಾಕು.

2006ರ ನಂತರ ಇನ್ನೊಂದು ಬದಲಾವಣೆಯಾಗಿದೆ. ಆಗ ಬ್ಯಾಟರಿಯನ್ನು ಯಾರು ಬೇಕಾದರೂ ಬೆರಳಿನಿಂದ ಕಳಚಬಹುದಿತ್ತು. ಈಗಿನ ಬಹುಪಾಲು ಯಂತ್ರಗಳಲ್ಲಿ ಅದನ್ನು ಒಳಗೇ ಹುದುಗಿಸಿರುತ್ತಾರೆ. 2018ರಲ್ಲಿ ಎಚ್‌ಪಿ ಸಂಸ್ಥೆ ಕೆಲವು ಲ್ಯಾಪ್‌ಟಾಪ್‌ಗಳ ಬ್ಯಾಟರಿಯನ್ನು ಹಿಂದಕ್ಕೆ ಪಡೆಯುವಾಗ, ಬಳಕೆದಾರ ಕಳಚಲಾಗದ್ದರಿಂದ, ಬ್ಯಾಟರಿಯನ್ನು ನಿಷ್ಕ್ರಿಯಗೊಳಿಸುವ ತಂತ್ರಾಂಶ ಕೊಡಬೇಕಾಯಿತು. 2019ರಲ್ಲಿ ಆ್ಯಪಲ್ ತನ್ನ 15 ಇಂಚಿನ ಮ್ಯಾಕ್‌ಬುಕ್ ಪ್ರೊ ಯಂತ್ರಗಳ ಪೈಕಿ ಕೆಲವನ್ನು ಹಿಂದಕ್ಕೆ ಕರೆದಾಗ, ಭಾರತದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಅಂಥವನ್ನು ವಿಮಾನದಲ್ಲಿ ಒಯ್ಯದಂತೆ ಪ್ರಯಾಣಿಕರಿಗೆ ತಿಳಿಸಿತು. ವಿಮಾನಕ್ಕೆ ಬೇಡವಾದದ್ದು ಅಡಿಕೆ ಅಟ್ಟದ ಕೆಳಗಿನ ಕೋಣೆಗೆ ಹೇಗೆ ಯೋಗ್ಯವಾದೀತು?

ಇನ್ನು ಕಳಚಿದ ಹಳೆಯ ಬ್ಯಾಟರಿ. 2001ರ ಬ್ಯಾಟರಿ ನಿಯಮಗಳು ಸೀಸದ ಬ್ಯಾಟರಿಗಳಿಗಷ್ಟೇ ಅನ್ವಯಿಸುತ್ತಿದ್ದವು. ಲಿಥಿಯಂ ಸೇರಿದ್ದು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿ. ಅವುಗಳ ಪ್ರಕಾರ ಸಂಗ್ರಹ ಮತ್ತು ಮರುಬಳಕೆಯ ಹೊಣೆ ಉತ್ಪಾದಕನದು. ಬಳಕೆದಾರ ಅದನ್ನು ಮನೆಯ ಕಸದಿಂದ ಬೇರ್ಪಡಿಸಿ ಸಂಗ್ರಹಿಸುವವರಿಗೆ ಒಪ್ಪಿಸಬೇಕು. ನಿಯಮ ಒಳ್ಳೆಯದು. ಸಂಗ್ರಹ ಕೇಂದ್ರವೇನೋ ಹೆಚ್ಚಾಗಿ ಘಟ್ಟದ ಕೆಳಗಿನ ನಗರದಲ್ಲಿರುತ್ತದೆ. ಉಬ್ಬಿದ ಒಂದು ಬ್ಯಾಟರಿಗಾಗಿ ಬಸ್ಸಿನಲ್ಲಿ ನೂರು ಕಿಲೋಮೀಟರ್ ಹೋಗುವವರು ಯಾರು? ಹೋಗಲೂಬಾರದು, ಉಬ್ಬಿದ್ದನ್ನು ಜನತುಂಬಿದ ಬಸ್ಸಿನಲ್ಲಿ ಒಯ್ಯುವುದೇ ಅಪಾಯ. ಉತ್ಪಾದಕರ ಪ್ರತಿನಿಧಿಗಳು ವರ್ಷಕ್ಕೆ ಎರಡು ಬಾರಿಯಾದರೂ ಹೋಬಳಿ ಕೇಂದ್ರಕ್ಕೆ ಬಂದು ಒಯ್ಯಬೇಕೆಂದು ಗ್ರಾಮಸಭೆಗಳು ಠರಾವು ಮಾಡಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕಳುಹಿಸುವುದು ಅಸಾಧ್ಯವೇನಲ್ಲ.

ಅಲ್ಲಿಯವರೆಗೆ ಉಬ್ಬಿದ ಬ್ಯಾಟರಿಗೆ ಮತ್ತೆ ಚಾರ್ಜ್ ಹಾಕಬಾರದು, ಚುಚ್ಚಬಾರದು, ಒತ್ತಿ ಸಮ ಮಾಡಲು ಹೋಗಬಾರದು. ಅದರ ತುದಿಗಳಿಗೆ ಅಂಟುಪಟ್ಟಿ ಸುತ್ತಿ, ಒಣ ಮರಳು ತುಂಬಿದ ಮಣ್ಣಿನ ಮಡಕೆಯಲ್ಲಿ ಹುಗಿದು, ಮನೆಯಿಂದಲೂ ಹುಲ್ಲಿನ ಬಣವೆಯಿಂದಲೂ ದೂರ, ಮಳೆ ತಾಗದ ಕಡೆ ಇಡಬೇಕು. ಪಂಚಾಯಿತಿಯ ಒಣಕಸದ ಗಾಡಿಗೆ ಮಾತ್ರ ಹಾಕಬಾರದು. ಅಲ್ಲಿ ಕಸವನ್ನು ತುಳಿದು ಅದುಮುವ ಕೆಲಸ ಮಾಡುವವರು ಇದೇ ಊರಿನ ಹೆಣ್ಣುಮಕ್ಕಳು.