ಮೊದಲು ನೀರಿನ ದಾರಿ, ಆಮೇಲೆ ಸಾಧನ



ಈ ವಿಚಾರ ಸಂಕಿರಣ ಎತ್ತಿಕೊಂಡಿರುವ ಪ್ರಶ್ನೆ ನೋಡಲು ಚಿಕ್ಕದು. ಮನೆಯೊಳಗಿನ ನೀರಿನ ಸೋರಿಕೆಯನ್ನು ಪತ್ತೆಹಚ್ಚುವ ಸ್ಮಾರ್ಟ್ ವ್ಯವಸ್ಥೆಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು? ಬೆಂಗಳೂರಿನಲ್ಲಿ ಕುಳಿತು ಇದನ್ನು ಕೇಳಿದಾಗ ಪ್ರಶ್ನೆಯ ಅಳತೆಯೇ ಬದಲಾಗುತ್ತದೆ. ಇಲ್ಲಿನ ನಲ್ಲಿಗೆ ಬರುವ ಕಾವೇರಿ ನೀರು ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಹೊರಟು, ಹಾರೋಹಳ್ಳಿಯಲ್ಲಿ, ತಾತಗುಣಿಯಲ್ಲಿ ಮತ್ತೆ ಮತ್ತೆ ಪಂಪಾಗಿ, ಸುಮಾರು 500 ಮೀಟರ್ ಎತ್ತರ ಏರಿ ಬರುತ್ತದೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ, ಕುಡಿಯುವ ನೀರಿನಲ್ಲಿ ಕಾರು ತೊಳೆದವರಿಗೆ ಜಲಮಂಡಳಿ ಐದು ಸಾವಿರ ರೂಪಾಯಿ ದಂಡ ವಿಧಿಸಬೇಕಾಗಿ ಬಂತು. ಅದೇ ವರ್ಷದ ಅಕ್ಟೋಬರ್ 16ರಂದು ಕಾವೇರಿ ಐದನೇ ಹಂತ ಉದ್ಘಾಟನೆಯಾಗಿ, ನಗರಕ್ಕೆ ಸೇರಿಕೊಂಡ 110 ಹಳ್ಳಿಗಳ ಪ್ರದೇಶಕ್ಕೆಂದು ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯ ಸೇರಿತು. ಇಷ್ಟು ದೂರದಿಂದ, ಇಷ್ಟು ವಿದ್ಯುತ್ ಖರ್ಚು ಮಾಡಿ ತಂದ ನೀರು ಮನೆಯ ಗೇಟು ದಾಟಿದ ಮೇಲೆ ಎಲ್ಲಿ ಹೋಗುತ್ತದೆ ಎಂದು ನೋಡುವ ಹೊಣೆ ಮನೆಯವರದು. ಆ ಹೊಣೆ ಹೊರಲು ಅವರಿಗೆ ನೆರವಾಗುವುದು ಇಲ್ಲಿ ಸೇರಿರುವ ನಮ್ಮ ಹೊಣೆ.

ಕಣ್ಣಿಗೆ ಕಾಣುವ ಸೋರಿಕೆಯ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ. ತೊಟ್ಟಿಕ್ಕುವ ನಲ್ಲಿಯನ್ನು ಯಾರಾದರೂ ಒಂದು ದಿನ ಸರಿಪಡಿಸುತ್ತಾರೆ. ಸದ್ದಿಲ್ಲದೆ ಹೋಗುವ ನೀರೇ ಹೆಚ್ಚು. ಫ್ಲಶ್ ಟ್ಯಾಂಕಿನ ರಬ್ಬರು ಸವೆದು ಕಮೋಡಿನೊಳಗೆ ಇಳಿಯುವ ನೀರು, ಫ್ಲೋಟ್ ವಾಲ್ವ್ ಕೆಟ್ಟು ಸಂಪಿನಿಂದ ಉಕ್ಕಿ ಚರಂಡಿ ಸೇರುವ ನೀರು, ಗೋಡೆಯೊಳಗಿನ ಪೈಪಿನ ಜೋಡಣೆಯಲ್ಲಿ ಜಿನುಗುವ ನೀರು ಯಾರ ಕಣ್ಣಿಗೂ ಬೀಳುವುದಿಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಅಂದಾಜಿನಂತೆ ಅಲ್ಲಿನ ನೂರಕ್ಕೆ ಹತ್ತು ಮನೆಗಳಲ್ಲಿ ದಿನಕ್ಕೆ 90 ಗ್ಯಾಲನ್, ಎಂದರೆ ಸುಮಾರು 340 ಲೀಟರ್ ಅಥವಾ ಅದಕ್ಕೂ ಹೆಚ್ಚು ನೀರು ಸೋರಿಹೋಗುತ್ತದೆ. ಒಳಚರಂಡಿಯಿರುವ ನಮ್ಮ ನಗರಗಳಿಗೆ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ಮಾನದಂಡ. ಹಾಗಾದರೆ ಅಂಥ ಒಂದು ಮನೆಯ ಸೋರಿಕೆಯಲ್ಲಿ ನಮ್ಮ ಎರಡೂವರೆ ಜನರ ಪಾಲು ಹೋದಂತಾಯಿತು.

ಇಂದು ನಾನು ನಿಮ್ಮ ಮುಂದೆ ಇಡಬಯಸುವ ಮಾತು ಒಂದೇ. ಸಾಧನವನ್ನು ಆರಿಸುವ ಮೊದಲು ಆ ಮನೆಯಲ್ಲಿ ನೀರು ನಡೆಯುವ ದಾರಿಯನ್ನು ಗುರುತಿಸಬೇಕು. ಮಾರುಕಟ್ಟೆಯಲ್ಲಿರುವ ಎಷ್ಟೋ ವ್ಯವಸ್ಥೆಗಳು ಬೇರೆ ಬಗೆಯ ಮನೆಗಾಗಿ ರೂಪುಗೊಂಡವು. ಆ ಮನೆಗಳಲ್ಲಿ ಬೀದಿಯ ಕೊಳವೆಯಿಂದ ಇಪ್ಪತ್ತನಾಲ್ಕು ಗಂಟೆಯೂ ಒತ್ತಡದಲ್ಲಿ ನೀರು ಬರುತ್ತದೆ, ಒಂದೇ ಬಾಗಿಲಿನಿಂದ ಒಳಗೆ ಹೋಗುತ್ತದೆ. ಆ ಬಾಗಿಲಲ್ಲಿ ಮೀಟರ್, ವಾಲ್ವ್ ಎರಡನ್ನೂ ಸೇರಿಸಿದ ಒಂದು ಸಾಧನ ಕೂರಿಸಿದರೆ ಇಡೀ ಮನೆಗೆ ಕಾವಲು. ನಮ್ಮ ಮನೆಯ ದಾರಿ ಹಾಗಿಲ್ಲ. ನೀರು ದಿನ ಬಿಟ್ಟು ದಿನ, ಕೆಲವು ಗಂಟೆ ಮಾತ್ರ ಬಂದು ಸಂಪು ಸೇರುತ್ತದೆ. ಬೋರ್‌ವೆಲ್ ನೀರೂ ಟ್ಯಾಂಕರ್ ನೀರೂ ಅದೇ ಸಂಪಿಗೆ ಬೀಳುತ್ತವೆ. ಮೋಟಾರು ಅದನ್ನು ತಾರಸಿಯ ಟ್ಯಾಂಕಿಗೆ ಏರಿಸುತ್ತದೆ. ಅಲ್ಲಿಂದ ಅದು ತನ್ನ ಭಾರದಿಂದಲೇ ಅಡುಗೆಮನೆಗೆ, ಬಚ್ಚಲುಮನೆಗೆ, ಸೋಲಾರ್ ಹೀಟರಿಗೆ ಇಳಿಯುತ್ತದೆ.

ಈ ದಾರಿಯಲ್ಲಿ ಮೂರು ಭಾಗಗಳಿವೆ. ಮೂರಕ್ಕೂ ಬೇರೆ ಬೇರೆ ಉಪಾಯ ಬೇಕು.

ಮೊದಲನೆಯದು ಬೀದಿಯಿಂದ ಸಂಪಿನವರೆಗಿನ ದಾರಿ ಮತ್ತು ಸಂಪು. ಇಲ್ಲಿ ಹರಿವಿನ ಮೀಟರಿಗಿಂತ ನೀರಿನ ಮಟ್ಟ ಅಳೆಯುವ ಸೆನ್ಸರ್ ಹೆಚ್ಚು ಉಪಯುಕ್ತ. ಮೂರು ಮೀಟರ್ ಉದ್ದ, ಎರಡು ಮೀಟರ್ ಅಗಲದ ಸಂಪಿನಲ್ಲಿ ಮಟ್ಟ ಒಂದು ಸೆಂಟಿಮೀಟರ್ ಇಳಿದರೆ ಹೋದದ್ದು 60 ಲೀಟರ್. ರಾತ್ರಿ ಮೋಟಾರು ಓಡದಿರುವಾಗಲೂ ಮಟ್ಟ ಇಳಿಯುತ್ತಿದ್ದರೆ ಸಂಪಿನ ತಳವನ್ನೂ ಗೋಡೆಯನ್ನೂ ಪರೀಕ್ಷಿಸಬೇಕು. ಮಟ್ಟ ಅಂಚಿಗೆ ಬಂದ ಮೇಲೂ ನೀರು ಬರುತ್ತಲೇ ಇದ್ದರೆ ಫ್ಲೋಟ್ ವಾಲ್ವ್ ಕೆಟ್ಟಿದೆ ಎಂದು ತಿಳಿಯಬೇಕು. ಮುಚ್ಚಿದ ಸಂಪಿನಲ್ಲಿ ಹಬೆ ಹನಿಗಟ್ಟಿ ಅಲ್ಟ್ರಾಸಾನಿಕ್ ಸೆನ್ಸರಿನ ಮುಖಕ್ಕೆ ಅಂಟುವುದರಿಂದ ಅಳತೆ ತಪ್ಪಬಹುದು. ಅಂಥ ಕಡೆ ನೀರೊಳಗೆ ಇಳಿಬಿಡುವ, ಒತ್ತಡದಿಂದ ಮಟ್ಟ ತಿಳಿಸುವ ಸೆನ್ಸರ್ ವಾಸಿ.

ಎರಡನೆಯದು ಸಂಪಿನಿಂದ ತಾರಸಿಗೆ ಏರುವ ದಾರಿ. ಇಲ್ಲಿ ಮೋಟಾರು ಎಷ್ಟು ಹೊತ್ತು ಓಡಿತು, ಟ್ಯಾಂಕು ಎಷ್ಟು ತುಂಬಿತು ಎಂಬ ಎರಡು ಲೆಕ್ಕಗಳನ್ನು ಹೋಲಿಸಿದರೆ ಸಾಕು. ಎಂದಿಗಿಂತ ಹೆಚ್ಚು ಹೊತ್ತು ಓಡಿದರೂ ಟ್ಯಾಂಕು ಎಂದಿನಷ್ಟು ತುಂಬದಿದ್ದರೆ ಪೈಪು ಸೋರುತ್ತಿರಬಹುದು, ಪಂಪೇ ಸೊರಗಿರಬಹುದು. ಎರಡೂ ತಿಳಿಯಬೇಕಾದ ಸಂಗತಿಗಳೇ.

ಮೂರನೆಯದು ಟ್ಯಾಂಕಿನಿಂದ ಕೆಳಗೆ ಇಳಿಯುವ ದಾರಿ. ಆಯ್ಕೆ ಅತ್ಯಂತ ಕಠಿಣವಾಗುವುದು ಇಲ್ಲಿಯೇ. ಹತ್ತು ಮೀಟರ್ ಎತ್ತರದ ನೀರು ಸುಮಾರು ಒಂದು ಬಾರ್ ಒತ್ತಡ ಕೊಡುತ್ತದೆ. ಟ್ಯಾಂಕಿನ ಕೆಳಗೇ ಇರುವ ಮಹಡಿಗೆ ಸಿಗುವುದು ಮೂರು ಮೀಟರಿನಷ್ಟು, ಎಂದರೆ 0.3 ಬಾರ್. ಒತ್ತಡ ಕುಸಿಯುವುದನ್ನು ನೋಡಿ ಸಣ್ಣ ಸೋರಿಕೆಯನ್ನು ಗುರುತಿಸುವ ಸಾಧನಗಳು ಇಷ್ಟು ಕಡಿಮೆ ಒತ್ತಡದಲ್ಲಿ ತಡವರಿಸುತ್ತವೆ. ಸಾಮಾನ್ಯವಾಗಿ ಸಿಗುವ ಪೈಲಟ್ ಬಗೆಯ ಸೊಲೆನಾಯ್ಡ್ ವಾಲ್ವ್ ತೆರೆಯಲು, ಮುಚ್ಚಲು ನೀರಿನ ಒತ್ತಡವನ್ನೇ ನೆಚ್ಚಿಕೊಂಡಿರುತ್ತದೆ. ಹಾಗಾಗಿ ಟ್ಯಾಂಕಿನಿಂದ ಇಳಿಯುವ ಕೊಳವೆಗೆ ಚಿಕ್ಕ ಮೋಟಾರಿನಿಂದ ತಿರುಗುವ ಬಾಲ್ ವಾಲ್ವೇ ಸೂಕ್ತ. ಅದನ್ನೂ ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಬೋರ್‌ವೆಲ್‌ನ ಗಡಸು ನೀರಿನ ಸುಣ್ಣ ಕಟ್ಟಿ ಬಿಗಿದುಕೊಳ್ಳುತ್ತದೆ. ಆಗಾಗ ತಾನೇ ಒಮ್ಮೆ ಮುಚ್ಚಿ ತೆರೆದುಕೊಳ್ಳುವ ಏರ್ಪಾಡು ಇದೆಯೇ ಎಂದು ಕೊಳ್ಳುವವರು ಕೇಳಬೇಕು. ರೆಕ್ಕೆ ತಿರುಗುವ ಮೀಟರುಗಳಿಗೂ ಇದೇ ಗಡಸು ನೀರಿನ ಕಾಟ. ಹನಿಹನಿಯಾಗಿ ಹೋಗುವ ನೀರು ಆ ರೆಕ್ಕೆಯನ್ನು ತಿರುಗಿಸುವುದೂ ಇಲ್ಲ. ಆದ್ದರಿಂದ ಮೀಟರಿನ ಗರಿಷ್ಠ ಹರಿವಿಗಿಂತ ಕನಿಷ್ಠ ಹರಿವಿನ ಅಂಕಿಯನ್ನು ಮೊದಲು ನೋಡಬೇಕು.

ಅಪಾರ್ಟ್‌ಮೆಂಟುಗಳ ತೊಡಕು ಇನ್ನೊಂದು ಬಗೆಯದು. ಹಳೆಯ ಕಟ್ಟಡಗಳಲ್ಲಿ ಒಂದೊಂದು ಬಚ್ಚಲುಮನೆಗೂ ಅಡುಗೆಮನೆಗೂ ಡಕ್ಟಿನ ಮೂಲಕ ಬೇರೆ ಬೇರೆ ಪೈಪು ಇಳಿದಿರುತ್ತದೆ. ಒಂದು ಫ್ಲ್ಯಾಟಿಗೆ ಮೂರು, ನಾಲ್ಕು ಒಳದಾರಿಗಳು ಇರುತ್ತವೆ. ಇಲ್ಲಿ ಒಂದು ಮೀಟರ್ ಹಾಕಿ ಇಡೀ ಮನೆಗೆ ಕಾವಲು ಎಂದು ಮಾರುವುದು ತಪ್ಪು. ಪ್ರತಿ ಒಳದಾರಿಗೂ ಮೀಟರ್ ಬೇಕು. ಅದು ಆಗದಿದ್ದರೆ ವಾಷಿಂಗ್ ಮಷೀನ್, ನೀರಿನ ಫಿಲ್ಟರ್, ಸಿಂಕಿನ ಕೆಳಗೆ ನೆಲದಲ್ಲಿಡುವ ಚಿಕ್ಕ ಸೆನ್ಸರುಗಳನ್ನು ಬಳಸಬೇಕು. ಎರಡು ಲೋಹದ ತುದಿಗಳ ನಡುವೆ ನೀರು ಬಿದ್ದೊಡನೆ ಅವು ಕೂಗುತ್ತವೆ, ಬೆಲೆಯೂ ಕಡಿಮೆ. ಆದರೆ ಗೋಡೆಯೊಳಗಿನ ಸೋರಿಕೆಯೂ ಕಮೋಡಿನೊಳಗಿನ ಸೋರಿಕೆಯೂ ಅವುಗಳಿಗೆ ತಿಳಿಯುವುದಿಲ್ಲ. ಈ ಮಿತಿಯನ್ನು ಪೆಟ್ಟಿಗೆಯ ಮೇಲೆ ಬರೆಯುವುದು ತಯಾರಕರ ಧರ್ಮ.

ಪತ್ತೆಯಾದ ಮೇಲೆ ಏನು ಎಂಬುದು ಅಷ್ಟೇ ಮುಖ್ಯ. ಕರೆಂಟು ಹೋದಾಗ ವೈಫೈ ಕೂಡ ಹೋಗುತ್ತದೆ. ಕಾಂಕ್ರೀಟು, ಕಬ್ಬಿಣದ ಮುಚ್ಚಳದ ಕೆಳಗಿನ ಸಂಪಿನಿಂದ ಸಿಗ್ನಲ್ ಹೊರಬರುವುದೇ ಕಷ್ಟ. ಬ್ಯಾಟರಿಯಲ್ಲಿ ನಡೆಯುವ, ದೂರ ತಲುಪುವ ಲೋರಾ ರೇಡಿಯೊ ಇಂಥ ಕಡೆ ನೆರವಿಗೆ ಬರುತ್ತದೆ. ಏನೇ ಇದ್ದರೂ ಇಂಟರ್ನೆಟ್ ಇಲ್ಲದಾಗಲೂ ಮನೆಯಲ್ಲಿಯೇ ಸೈರನ್ ಕೂಗಬೇಕು, ವಾಲ್ವ್ ಮುಚ್ಚಬೇಕು. ಇನ್ನು, ಮೈಸೂರಿನಲ್ಲೋ ಮಲ್ಲೇಶ್ವರದಲ್ಲೋ ಒಂಟಿಯಾಗಿರುವ ಅಪ್ಪ ಅಮ್ಮನ ಮನೆಯ ಎಚ್ಚರಿಕೆ ವಿದೇಶದಲ್ಲಿರುವ ಮಗಳ ಫೋನಿಗೆ ಮಾತ್ರ ಹೋದರೆ ಪ್ರಯೋಜನವೇನು? ಅದು ಪಕ್ಕದ ಮನೆಯವರಿಗೆ, ವಾಚ್‌ಮನ್‌ಗೆ, ಪರಿಚಿತ ಪ್ಲಂಬರಿಗೆ ಹೋಗಬೇಕು. ಹೋಗುವ ಸಂದೇಶ ಕನ್ನಡದಲ್ಲಿರಬೇಕು, ಯಾವ ವಾಲ್ವ್ ಮುಚ್ಚಬೇಕೆಂದು ಸ್ಪಷ್ಟವಾಗಿ ಹೇಳಬೇಕು.

ಇನ್ನೊಂದು ಎಚ್ಚರಿಕೆ. ನೀರಿನ ಲೆಕ್ಕ ಮನೆಯವರ ದಿನಚರಿಯನ್ನೇ ಬಿಚ್ಚಿಡುತ್ತದೆ. ಯಾವಾಗ ಏಳುತ್ತಾರೆ, ಯಾವ ವಾರ ಮನೆಗೆ ಬೀಗ ಹಾಕಿ ಊರಿಗೆ ಹೋಗಿದ್ದಾರೆ ಎಂಬುದೆಲ್ಲ ಅದರಲ್ಲಿ ಕಾಣುತ್ತದೆ. ವೈಯಕ್ತಿಕ ಡಿಜಿಟಲ್ ದತ್ತಾಂಶ ಸಂರಕ್ಷಣೆಗೆ 2023ರಲ್ಲಿ ನಮ್ಮಲ್ಲಿ ಕಾಯ್ದೆ ಬಂದಿದೆ. ಮಾಹಿತಿ ಎಲ್ಲಿ ಸಂಗ್ರಹವಾಗುತ್ತದೆ, ಯಾರಿಗೆ ಸಿಗುತ್ತದೆ, ಕಂಪನಿ ಮುಚ್ಚಿದರೆ ಸಾಧನ ಕೆಲಸ ಮಾಡುತ್ತದೆಯೇ ಎಂದು ಕೇಳುವುದು ಕೊಳ್ಳುವವರ ಹಕ್ಕು.

ಈ ಸಂಕಿರಣದಿಂದ ನಾನು ಮೂರು ಫಲಗಳನ್ನು ನಿರೀಕ್ಷಿಸುತ್ತೇನೆ. ಮೊದಲನೆಯದು, ಬಿಟ್ಟು ಬಿಟ್ಟು ಬರುವ ನೀರು, ಕಡಿಮೆ ಒತ್ತಡ, ಗಡಸು ನೀರು ಈ ಮೂರೂ ಇರುವ ಪ್ರಯೋಗಾಲಯದಲ್ಲಿ ಸಾಧನಗಳನ್ನು ಪರೀಕ್ಷಿಸುವ ಕ್ರಮವೊಂದು ರೂಪುಗೊಳ್ಳಬೇಕು. ಕೊಳವೆಗೆ ನೀರು ಬರುವ ಮುನ್ನ ನುಗ್ಗುವ ಗಾಳಿಯನ್ನು ಮೀಟರ್ ನೀರೆಂದು ಎಣಿಸುತ್ತದೆಯೇ ಎಂಬುದೂ ಆ ಪರೀಕ್ಷೆಯಲ್ಲಿರಲಿ. ಎರಡನೆಯದು, ಹೊಸ ಮನೆ ಕಟ್ಟುವಾಗಲೇ ಮೀಟರಿಗೂ ವಾಲ್ವಿಗೂ ಕೈಗೆಟುಕುವ ಜಾಗ ಬಿಟ್ಟು, ಪೈಪುಗಳು ನಿಜವಾಗಿ ಹೋಗಿರುವ ನಕ್ಷೆಯನ್ನು ಬೀಗದ ಕೈ ಜೊತೆಗೇ ಮನೆಯವರಿಗೆ ಕೊಡುವ ಪದ್ಧತಿ ಬರಬೇಕು. ಮೂರನೆಯದು, ಈ ಸಾಧನಗಳನ್ನು ಕೂರಿಸುವ, ದುರಸ್ತಿ ಮಾಡುವ ತರಬೇತಿ ಪ್ಲಂಬರುಗಳಿಗೆ ಕನ್ನಡದಲ್ಲಿ ಸಿಗಬೇಕು. ಅವರಿಲ್ಲದೆ ಯಾವ ತಂತ್ರಜ್ಞಾನವೂ ಮನೆಯೊಳಗೆ ನಿಲ್ಲುವುದಿಲ್ಲ. ಅವರನ್ನು ಈ ಸಭೆಯ ಮುಂದಿನ ಸಾಲಿನಲ್ಲಿ ಕೂರಿಸಿ ಚರ್ಚಿಸಿ ಎಂಬುದು ನನ್ನ ಕಳಕಳಿಯ ವಿನಂತಿ.

ಇಲ್ಲಿರುವ ಪ್ರತಿಯೊಬ್ಬರಲ್ಲೂ ಕಡೆಯದಾಗಿ ಒಂದು ಕೋರಿಕೆ. ಸಾಧನ ಕೊಳ್ಳುವ ಮೊದಲು ನಿಮ್ಮ ಮನೆಯ ನೀರಿನ ದಾರಿಯನ್ನು ಒಂದು ಹಾಳೆಯಲ್ಲಿ ಬರೆಯಿರಿ. ಫ್ಲಶ್ ಟ್ಯಾಂಕಿಗೆ ಅಡುಗೆಯ ಬಣ್ಣ ನಾಲ್ಕು ಹನಿ ಹಾಕಿ, ಫ್ಲಶ್ ಮಾಡದೆ ಅರ್ಧ ಗಂಟೆ ಬಿಟ್ಟು ಕಮೋಡಿನಲ್ಲಿ ಬಣ್ಣ ಬಂದಿದೆಯೇ ನೋಡಿ. ರಾತ್ರಿ ಮಲಗುವ ಮುನ್ನ ಸಂಪಿನ ಮಟ್ಟ ಗುರುತು ಹಾಕಿ, ಬೆಳಿಗ್ಗೆ ಮೋಟಾರು ಹಾಕುವ ಮೊದಲು ಮತ್ತೆ ಅಳೆಯಿರಿ. ನಿಮ್ಮ ಮನೆಗೆ ಯಾವ ಸಾಧನ ಬೇಕೆಂಬ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿಯೇ ಸಿಗುತ್ತದೆ. ಉಳಿದರ್ಧವನ್ನು ಇಲ್ಲಿನ ಗೋಷ್ಠಿಗಳು ಕೊಡಲಿ.