ಶಂಕೆಯ ಸೆರೆಯಿಂದ ಸೇವೆಯ ಹಾದಿಗೆ

(ಶತಮಾನೋತ್ಸವದ ಯುವಜನ ಸಮಾವೇಶದಲ್ಲಿ ಮಾಡಿದ ಭಾಷಣ)



ನಮ್ಮ ಹಿರಿಯರಲ್ಲಿ ಇನ್ನಾಸಪ್ಪ ಎಂಬ ಹೆಸರು ಬಹಳ ಬಳಕೆಯಲ್ಲಿತ್ತು. ಆ ಹೆಸರು ನೆನಪಿಗೆ ತರುವ ಲೊಯೋಲದ ಸಂತ ಇಗ್ನಾಸಿಯವರು ಧೀರ ಯೋಧರೆಂಬುದನ್ನು ನಾವೆಲ್ಲ ಬಲ್ಲೆವು. ಆ ಧೀರರೂ ಒಮ್ಮೆ ತಮ್ಮ ಮನಸ್ಸಿಗೇ ಸೆರೆಯಾಗಿದ್ದರು.

1521ರಲ್ಲಿ ಪಂಪ್ಲೋನಾ ಕೋಟೆಯ ಕಾಳಗದಲ್ಲಿ ಗುಂಡು ತಗುಲಿ ಅವರ ಕಾಲು ಮುರಿಯಿತು. ಗುಣಮುಖರಾದ ಮೇಲೆ, 1522ರಲ್ಲಿ, ಮೊನ್ಸೆರಾತಿನ ಮಠದಲ್ಲಿ ಜೀವಮಾನದ ಪಾಪಗಳನ್ನೆಲ್ಲ ಬರೆದು ಮೂರು ದಿನಗಳ ಕಾಲ ನಿವೇದಿಸಿದರು. ಅಲ್ಲಿಗೆ ಶಾಂತಿ ದೊರೆಯಬೇಕಿತ್ತು, ದೊರೆಯಲಿಲ್ಲ. ಮನ್ರೇಸಾದಲ್ಲಿದ್ದಾಗ, ‘ಯಾವುದನ್ನೋ ಹೇಳದೆ ಬಿಟ್ಟೆನೇ?’ ಎಂಬ ಶಂಕೆ ಕಾಡತೊಡಗಿತು. ಮತ್ತೆ ನಿವೇದಿಸಿದರು, ಶಂಕೆ ಇನ್ನಷ್ಟು ಸೂಕ್ಷ್ಮವಾಯಿತು. ಪ್ರಾಣವನ್ನೇ ಕಳೆದುಕೊಳ್ಳಬೇಕೆಂಬ ಪ್ರಲೋಭನೆಯೂ ಬಂತು. ವಾರವಿಡೀ ಉಪವಾಸವಿದ್ದು, ಗುರುಗಳ ಅಪ್ಪಣೆಯಂತೆ ಅದನ್ನು ನಿಲ್ಲಿಸಿದರು.

ಕೊನೆಗೆ ಅವರು, ಈ ಆಲೋಚನೆಗಳು ತಮ್ಮನ್ನು ಎಲ್ಲಿಗೆ ಒಯ್ಯುತ್ತಿವೆ ಎಂದು ಪರಿಶೀಲಿಸಿದರು. ಅವು ದೇವರ ಕಡೆಗಲ್ಲ, ನಿರಾಶೆಯ ಕಡೆಗೆ ಒಯ್ಯುತ್ತಿದ್ದವು. ಕಳೆದುಹೋದ ಪಾಪಗಳನ್ನು ಇನ್ನು ನಿವೇದಿಸುವುದಿಲ್ಲವೆಂದು ಅಂದೇ ನಿಶ್ಚಯಿಸಿದರು.

ಬಳಿಕ ಕಾರ್ಯಕ್ಕಿಳಿದರು. ಮೂವತ್ತು ದಾಟಿದ ವಯಸ್ಸಿನಲ್ಲಿ ಬಾರ್ಸಿಲೋನಾದಲ್ಲಿ ಲತೀನ್ ವ್ಯಾಕರಣ ಕಲಿಯಲು ಕುಳಿತರು. 1534ರಲ್ಲಿ ಪ್ಯಾರಿಸಿನಲ್ಲಿ ಆರು ಮಂದಿ ಸಂಗಡಿಗರೊಡನೆ ವ್ರತ ಕೈಗೊಂಡರು. 1540ರಲ್ಲಿ ಪೋಪ್ ಮೂರನೆಯ ಪೌಲರು ಯೇಸುಸಭೆಗೆ ಮನ್ನಣೆಯಿತ್ತರು. ಆ ಸಂಗಡಿಗರಲ್ಲೊಬ್ಬರಾದ ಸಂತ ಫ್ರಾನ್ಸಿಸ್ ಕ್ಸೇವಿಯರ್ 1542ರಲ್ಲಿ ಗೋವೆಗೆ ಬಂದಿಳಿದರು. 1880ರಲ್ಲಿ ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ತೆರೆದವರೂ ಅದೇ ಸಭೆಯ ಗುರುಗಳು. ಇಗ್ನಾಸಿಯವರು ಮನ್ರೇಸಾದ ಕೋಣೆಯಲ್ಲೇ ಶಂಕಿಸುತ್ತ ಉಳಿದಿದ್ದರೆ ಇವೆಲ್ಲ ಎಲ್ಲಿರುತ್ತಿದ್ದವು?

ಆತ್ಮಶೋಧನೆ ಬೇಡವೆಂದಲ್ಲ, ಅದನ್ನು ಪ್ರತಿದಿನ ಮಾಡಬೇಕೆಂದು ಅವರೇ ಕಲಿಸಿದರು. ಆದರೆ ಆತ್ಮಶೋಧನೆ ತಿದ್ದುಪಾಟಿನಲ್ಲಿ ಮುಗಿಯುತ್ತದೆ. ಶಂಕೆಯಾದರೋ ಗಾಣದ ಎತ್ತಿನಂತೆ ಇದ್ದಲ್ಲೇ ಸುತ್ತುತ್ತದೆ.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಮಕ್ಕಳಿಗೆ ಧರ್ಮೋಪದೇಶ ಕಲಿಸಲು ನನ್ನನ್ನು ಕರೆದಾಗ, ‘ನಾನು ಯೋಗ್ಯನೇ?’ ಎಂದು ಎರಡು ವರ್ಷ ತರ್ಕಿಸುತ್ತ ಕುಳಿತೆ. ಆ ಎರಡು ವರ್ಷ ನನಗೆ ಒಪ್ಪಿಸಬೇಕೆಂದಿದ್ದ ತರಗತಿಗೆ ಕಲಿಸುವವರೇ ಇರಲಿಲ್ಲ. ವಿನಯವೆಂದು ನಾನು ಬಗೆದದ್ದು ಬರಿಯ ಭಯವಾಗಿತ್ತು. ಆ ಮಕ್ಕಳು ಕಳೆದುಕೊಂಡದ್ದನ್ನು ನಾನು ಮರಳಿ ಕೊಡಲಾರೆ.

ಪ್ರಿಯ ಯುವಜನರೇ, ನಿಮ್ಮ ಸಂದೇಹವನ್ನು ಬಲ್ಲ ಹಿರಿಯರೊಬ್ಬರಲ್ಲಿ ಮನಬಿಚ್ಚಿ ಹೇಳಿರಿ. ಅವರ ಸಲಹೆ ಕೇಳಿ, ಪ್ರಾರ್ಥಿಸಿ, ನಿರ್ಧರಿಸಿರಿ. ಆಮೇಲೆ ಮೊದಲ ಹೆಜ್ಜೆಯನ್ನು ಈ ವಾರವೇ ಇಡಿರಿ. ಅದು ಹಾಸಿಗೆ ಹಿಡಿದ ನೆರೆಯವರ ಭೇಟಿಯಾದರೂ ಸಾಕು. ಯೋಗ್ಯತೆ ಕಾರ್ಯದೊಳಗೇ ಬೆಳೆಯುತ್ತದೆ.

ದೇವರು ನಿಮ್ಮೆಲ್ಲರನ್ನೂ ಹರಸಲಿ.